ಮಲೆನಾಡಿನ ಜೀಪೂ ಅದರ ಕಮಾನು ಪಟ್ಟಿಗಳೂ

ಗೃಹಕೃತ್ಯ, ಶಿಶುಪಾಲನೆ, ಔಷಧೋಪಚಾರ ಇವೇ ಮೊದಲಾದ ವಿಷಯಗಳನ್ನು ನಿರೀಕ್ಷಿಸಿ ಪುಟ ತೆರೆದ ವಾಚಕರು, ಈ ತಿಂಗಳು ಮೋಟಾರು ವಾಹನವೊಂದರ ಅಡಿಭಾಗದ ವಿಚಾರವನ್ನು ಕಂಡು ಹುಬ್ಬೇರಿಸಿದರೆ ನಾವು ಅವರನ್ನು ತಪ್ಪುಗಾಣಲಾರೆವು. ಆದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರ, ಸೋಮವಾರಪೇಟೆಗಳ ಕಡೆಯ ತೋಟದ ಮನೆಗಳಲ್ಲಿ ಬಾಳುವವರಿಗೆ ಜೀಪೆಂಬುದು ಕೊಟ್ಟಿಗೆಯ ದನದ ಹಾಗೆ ಸಂಸಾರದೊಳಗಿನದೇ ಒಂದು ಜೀವವೆಂಬುದು ವಿದಿತವೇ ಇದೆ. ಗೊಬ್ಬರದ ಮೂಟೆ, ಕಾಫಿಯ ಮೂಟೆ, ಶಾಲೆಗೆ ಹೊರಟ ಮಕ್ಕಳು, ಬಾಣಂತನಕ್ಕೆ ಬಂದ ಮಗಳು, ಅಡಿಗೆಯವರೂ ಅವರ ಕೊಪ್ಪರಿಗೆಗಳೂ, ಜ್ವರದಲ್ಲಿ ಒದ್ದಾಡುವ ಆಳು, ಎಲ್ಲರ ಭಾರವೂ ಅದರ ಬೆನ್ನಿನ ಮೇಲೆಯೇ. ಹಸುವಿಗೆ ಕಾಲುನೋವು ಬಂದರೆ ಆ ದಿನವೇ ವೈದ್ಯನನ್ನು ಕರೆಯಿಸುತ್ತೇವೆ. ಜೀಪಿನ ಕಾಲುನೋವನ್ನು ಮಾತ್ರ ಅದು ಕುಸಿದು ಬೀಳುವವರೆಗೂ ಗಮನಿಸುವುದಿಲ್ಲ. ಇದು ಪರರ ಮೇಲಿನ ಆಕ್ಷೇಪವಲ್ಲ; ನಮ್ಮದೇ ಅಪರಾಧದ ನಿವೇದನೆ.

ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಸುಮಾರು ೪ ಕಿಲೋಮೀಟರು ದೂರ. ಹಾದಿಯೆಂದರೆ ಮಳೆಗಾಲದ ನೀರು ಕೊರೆದ ಎರಡು ಚರಂಡಿಗಳು, ಅವುಗಳ ನಡುವೆ ತಲೆಯೆತ್ತಿದ ಬಂಡೆಗಳು, ಒಂದು ಹಳ್ಳ. ಹೋದ ವರ್ಷ ನಮ್ಮ ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆಯೂ ಅವರನ್ನು ಆಗಾಗ್ಗೆ ಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದಿತು. ಕುಲುಕಾಟ ಆದಷ್ಟು ಕಡಿಮೆಯಿರಲೆಂದು ವೈದ್ಯರು ಎಚ್ಚರಿಸಿದ್ದರು. ಆ ಹಾದಿಯಲ್ಲಿ ಕುಲುಕಾಟವಿಲ್ಲದೆ ಬರುವುದು ಹೇಗೆಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಇಂತಿರಲು ದಸರೆಯ ರಜೆಗೆ ಬೆಂಗಳೂರಿನಿಂದ ಸೋದರಳಿಯಂದಿರಿಬ್ಬರು ಬಂದರು. "ಮಾವ, ಗುಡ್ಡದ ಮೇಲಕ್ಕೆ ಜೀಪಿನಲ್ಲೇ ಹೋಗೋಣ" ಎಂದು ಅವರು ದುಂಬಾಲು ಬೀಳಲು, ನಮಗೂ ಹಳೆಯ ಉತ್ಸಾಹ ಮರುಕಳಿಸಿ, ತೋಟದ ಮೇಲಣ ಹುಲ್ಲುಗುಡ್ಡಕ್ಕೆ ಏರಿದೆವು. ಏರಿದ್ದು ಸುಖವಾಗಿಯೇ ಆಯಿತು. ಇಳಿಯುವಾಗ ಹುಲ್ಲಿನಲ್ಲಿ ಮರೆಯಾಗಿದ್ದ ಬಂಡೆಯ ಅಂಚಿನಿಂದ ಎಡಗಡೆಯ ಮುಂಚಕ್ರವು ಮೊಣಕಾಲೆತ್ತರ ಧೊಪ್ಪನೆ ಕೆಳಕ್ಕೆ ಬಿದ್ದಿತು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಶಬ್ದ ಕೇಳಿಸಿತು. ಹುಡುಗರು ನಕ್ಕರು, ನಾವೂ ನಕ್ಕೆವು. ಮಾರನೆಯ ದಿನದಿಂದ ತಿರುವಿನಲ್ಲಿ "ಕಿರ್ರ್" ಎಂಬ ಸದ್ದೊಂದು ಪ್ರಾರಂಭವಾಯಿತು. ಧೂಳಿರಬಹುದೆಂದು ಬಗೆದು ಒಂದಿಷ್ಟು ಎಣ್ಣೆ ಹನಿಸಿ ಸುಮ್ಮನಾದೆವು.

ಎಂಟು ದಿನಗಳ ತರುವಾಯ ತಾಯಿಯವರನ್ನು ಮುಂದಿನ ಆಸನದಲ್ಲಿ ಕುಳ್ಳಿರಿಸಿಕೊಂಡು ಹಳ್ಳದ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಇಳಿಯುತ್ತಿದ್ದೆವು. "ಏನೋ ಮಗ ಅದು ಸದ್ದು?" ಎಂದು ಅವರು ಕೇಳಿದುದೂ, ಒಂದು ಠಣತ್ಕಾರವಾಗಿ ಜೀಪು ಎಡಕ್ಕೆ ತಾನಾಗಿ ಹೊರಳಿದುದೂ ಒಟ್ಟಿಗೇ ಆಯಿತು. ಸ್ಟಿಯರಿಂಗ್ ಚಕ್ರವನ್ನು ಬಲಕ್ಕೆ ತಿರುಗಿಸಿದರೂ ವಾಹನವು ಎಡಕ್ಕೇ ಎಳೆಯುತ್ತಿದ್ದಿತು. ನಡೆದುಹೋಗುವವನ ವೇಗಕ್ಕಿಂತ ಹೆಚ್ಚು ವೇಗವಿರಲಿಲ್ಲವಾದಕಾರಣ, ಹಳ್ಳದ ಅಂಚಿಗೆ ಮೂರು ಮಾರು ಈಚೆಗೆ ಅದು ನಿಂತಿತು. ಇಳಿದು ನೋಡಿದಾಗ, ಮುಂಭಾಗದ ಎಡಗಡೆಯ ಮೂಲಪಟ್ಟಿಯು ಅದರ ಕಣ್ಣಿನ ಬುಡದಲ್ಲಿ ಎರಡು ತುಂಡಾಗಿದ್ದಿತು. ಅಚ್ಚು ಆ ಬದಿಯಲ್ಲಿ ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿದಿದ್ದಿತು. ಬ್ರೇಕಿನ ರಬ್ಬರು ಕೊಳವೆಯು ತಂತಿಯಂತೆ ಬಿಗಿದು ನಿಂತಿದ್ದಿತು. ಅದೂ ಹರಿದಿದ್ದರೆ ಏನಾಗುತ್ತಿತ್ತೆಂಬುದನ್ನು ನಾವು ಈಗಲೂ ಮನೆಯಲ್ಲಿ ಬಾಯಿಬಿಟ್ಟು ಆಡಿಲ್ಲ. ತುಂಡಾದ ಕಬ್ಬಿಣದ ಮುಖವನ್ನು ಪರೀಕ್ಷಿಸಲಾಗಿ ಅರ್ಧ ಭಾಗ ಹೊಸದಾಗಿ ಹೊಳೆಯುತ್ತಲೂ, ಉಳಿದ ಅರ್ಧ ತುಕ್ಕಿನಿಂದ ಕಂದಾಗಿಯೂ ಇದ್ದಿತು. ಎಂದರೆ, ಬಿರುಕು ಗುಡ್ಡದ ಮೇಲೆಯೇ ಬಿಟ್ಟಿದ್ದು, ಎಂಟು ದಿನವೂ "ಕಿರ್ರ್" ಎಂದು ನಮ್ಮನ್ನು ಕೂಗಿ ಕರೆದಿದ್ದಿತು.

ಇಷ್ಟಾದ ಮೇಲೆ ಈ ಪಟ್ಟಿಗಳ ಸ್ವರೂಪವನ್ನು ತಿಳಿಯದೆ ಇರಬಾರದೆಂದು ನಿಶ್ಚಯಿಸಿದೆವು. ಹಳೆಯ ಜೀಪುಗಳ ಅಚ್ಚಿಗೂ ಚಾಸಿಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುವುದಷ್ಟೆ. ಇದನ್ನೇ ನಮ್ಮ ಕಡೆ ಕಮಾನು ಪಟ್ಟಿಯೆಂದೂ, ಮೇಸ್ತ್ರಿಗಳು ಪ್ಲೇಟೆಂದೂ ಕರೆಯುವರು. ಎಲ್ಲಕ್ಕೂ ಉದ್ದವಾದ ಮೂಲಪಟ್ಟಿಯ ಎರಡು ತುದಿಗಳು ಸುರುಳಿಗೊಂಡು ಕಣ್ಣುಗಳಾಗಿರುತ್ತವೆ. ಒಂದು ಕಣ್ಣು ಚಾಸಿಗೆ ನೇರವಾಗಿ ಕೂಡಿಕೊಂಡರೆ, ಮತ್ತೊಂದು ಕಣ್ಣು ಷಾಕಲ್ ಎಂಬ ತೂಗುಕೊಂಡಿಯ ಮೂಲಕ ಕೂಡಿಕೊಳ್ಳುತ್ತದೆ. ಬಿಲ್ಲು ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುವುದರಿಂದ ಒಂದು ತುದಿ ಓಲಾಡಲು ಅವಕಾಶವಿರಲೇಬೇಕು. ಮೂಲಪಟ್ಟಿಯ ಕೆಳಗೆ ಕ್ರಮಕ್ರಮವಾಗಿ ಗಿಡ್ಡವಾಗುವ ಇತರ ಪಟ್ಟಿಗಳಿವೆ. ನಡುವೆ ಎಲ್ಲವನ್ನೂ ತೂರಿ ಹೋಗುವ ಒಂದೇ ಒಂದು ಸೆಂಟರ್ ಬೋಲ್ಟು. ಕಟ್ಟನ್ನು ಅಚ್ಚಿಗೆ ಬಿಗಿಯುವ ಎರಡು ಯು ಬೋಲ್ಟುಗಳು. ಚಕ್ರವು ಗುಂಡಿಗಿಳಿದಾಗ ಈ ಬಿಲ್ಲು ಪೆಟ್ಟನ್ನು ತನ್ನೊಳಗೆ ಅಡಗಿಸಿಕೊಂಡು ಮರಳಿ ಕೊಡುತ್ತದೆ. ಹಾಗೆ ಕೊಟ್ಟುದನ್ನು ಕೊಡುತ್ತಲೇ ಇರದಂತೆ ತಡೆಯುವುದು ಷಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಸುಳಿ ಹೋಗುವಾಗ ಕುಲುಕಾಟದ ಶಕ್ತಿಯೆಲ್ಲವೂ ಶಾಖವಾಗಿ ಪರಿಣಮಿಸುತ್ತದೆ. ಭಾರವನ್ನು ಹೊರುವುದು ಪಟ್ಟಿ, ಕುಣಿತವನ್ನು ಅಡಗಿಸುವುದು ಅಬ್ಸಾರ್ಬರು. ಈ ಎರಡನ್ನೂ ಒಂದೇ ಎಂದು ಬಗೆದು, ಜೀಪು ಕುಣಿದರೆ ಪಟ್ಟಿಯನ್ನೂ ಜೋತುಬಿದ್ದರೆ ಅಬ್ಸಾರ್ಬರನ್ನೂ ಬದಲಾಯಿಸಿ ಹಣ ಕಳೆದುಕೊಂಡವರು ನಮ್ಮ ನೆರೆಯಲ್ಲಿಯೇ ಇದ್ದಾರೆ.

ಬಂಡಿಗೆ ಕಮಾನು ಕಟ್ಟುವ ವಿದ್ಯೆ ಹಳೆಯದು. ಲಂಡನ್ನಿನ ಸಾರೋಟು ತಯಾರಕನಾದ ಒಬಡೈಯ ಎಲಿಯಟ್ ಎಂಬಾತನು ೧೮೦೪ರಲ್ಲಿ ಇಂಥ ಪಟ್ಟಿಗಳ ಮೇಲೆ ಗಾಡಿಯನ್ನು ಕೂರಿಸುವ ರೀತಿಗೆ ಹಕ್ಕುಪತ್ರ ಪಡೆದನು. ನಮ್ಮ ಜಟಕಾ ಗಾಡಿಗಳಿಗೂ ಕಮಾನು ಇದ್ದಿತು. ಎತ್ತಿನ ಗಾಡಿಗೆ ಇರಲಿಲ್ಲ, ಅದರಲ್ಲಿ ಕುಳಿತವರಿಗೆ ವ್ಯತ್ಯಾಸ ಗೊತ್ತು. ೧೯೪೧ರಿಂದ ಅಮೆರಿಕದ ಸೈನ್ಯಕ್ಕೆಂದು ವಿಲ್ಲಿಸ್ ಕಂಪನಿಯು ತಯಾರಿಸಿದ ಜೀಪಿನ ನಾಲ್ಕು ಚಕ್ರಗಳಿಗೂ ಕಮಾನು ಪಟ್ಟಿಗಳೇ. ೧೯೪೫ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು ಆ ದಶಕ ಮುಗಿಯುವುದರೊಳಗಾಗಿ ಮುಂಬಯಿಯಲ್ಲಿ ಆ ಜೀಪುಗಳನ್ನು ಜೋಡಿಸತೊಡಗಿತು. ಈಚಿನ ವಾಹನಗಳಲ್ಲಿ ಸುರುಳಿ ಸ್ಪ್ರಿಂಗುಗಳು ಬಂದಿವೆ. ೨೦೨೦ರ ಥಾರ್, ೨೦೨೩ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಜಿಮ್ನಿ ಇವು ಆ ಜಾತಿಯವು. ಸುಖಕ್ಕೆ ಅವೇ ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಸುರುಳಿ ಸ್ಪ್ರಿಂಗು ಭಾರವನ್ನು ಮಾತ್ರ ಹೊರಬಲ್ಲುದಲ್ಲದೆ ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಡಲಾರದು. ಅದಕ್ಕೆ ಬೇರೆ ಸಲಾಕೆಗಳು ಬೇಕು. ಕಮಾನು ಪಟ್ಟಿಯಾದರೋ ಎರಡು ಕೆಲಸವನ್ನೂ ತಾನೊಂದೇ ಮಾಡುತ್ತದೆ. ಅದರ ಗುಣವೂ ಅದೇ, ಅಪಾಯವೂ ಅದೇ. ಅದು ಮುರಿದರೆ ಮೆತ್ತೆ ಹೋಗುವುದು ಮಾತ್ರವಲ್ಲ, ಚಕ್ರದ ದಿಕ್ಕೇ ಹೋಗುತ್ತದೆ.

ಅಂದಿನ ಕಥೆಗೆ ಮರಳೋಣ. ತಾಯಿಯವರನ್ನು ನೆರೆಯವರ ವಾಹನದಲ್ಲಿ ಆಸ್ಪತ್ರೆಗೆ ಕಳುಹಿಸಿದ ಮೇಲೆ, ಜೀಪನ್ನು ಹಳ್ಳದ ಬದಿಯಿಂದ ತರುವ ಕೆಲಸ ಉಳಿಯಿತು. ಚಾಸಿಗೆ ಜಾಕ್ ಕೊಟ್ಟು ಎತ್ತಿ, ಯು ಬೋಲ್ಟುಗಳನ್ನು ಸಡಿಲಿಸಿ, ಹಾರೆಯಿಂದ ಮೀಟಿ ಅಚ್ಚನ್ನು ಮುಂದಕ್ಕೆ ತಂದು ಬಿಗಿದೆವು. ಅಚ್ಚು ಪುನಃ ಹಿಂದಕ್ಕೆ ಸರಿಯದಂತೆ ಚಾಸಿಯ ಮುಂತುದಿಗೆ ಸರಪಣಿಯಿಂದ ಕಟ್ಟಿದೆವು. ಅಚ್ಚಿಗೂ ಚಾಸಿಗೂ ನಡುವೆ ಹಲಸಿನ ಮರದ ತುಂಡೊಂದನ್ನಿಟ್ಟು ಹಗ್ಗದಿಂದ ಬಿಗಿಯಲಾಯಿತು. ಹೀಗೆ ಖಾಲಿ ಜೀಪು ಮೊದಲನೆಯ ಗೇರಿನಲ್ಲಿ ತೆವಳುತ್ತ ಮನೆ ಸೇರಿತು. ಇದು ಮನೆ ತಲಪುವ ಉಪಾಯವೇ ಹೊರತು ದುರಸ್ತಿಯಲ್ಲ. ಜನರನ್ನು ಕೂರಿಸಿಕೊಂಡು ಹೀಗೆ ಹೋಗಲೇಕೂಡದು.

ಊರಿನ ಕುಲುಮೆಯ ಆಚಾರಿಯು ತುಂಡನ್ನು ನೋಡಿ, "ಬೆಸುಗೆ ಹಾಕಿಕೊಡ್ತೀನಿ, ನಾಳೆಯೇ ಓಡಿಸಿ" ಎಂದನು. ಆತನ ಕೈಚಳಕದ ಮೇಲೆ ನಮಗೆ ಗೌರವವುಂಟು, ಖರ್ಚೂ ಅತ್ಯಲ್ಪ. ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತೆಂಬುದನ್ನು ಮುಚ್ಚಿಡಲಾರೆವು. ಆದರೆ ಪಟ್ಟಿಯ ಉಕ್ಕಿಗೆ ಬಾಗಿ ಮರಳುವ ಗುಣ ಬಂದಿರುವುದು ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದ ಸಂಸ್ಕಾರದಿಂದ. ಬೆಸುಗೆಯ ಬೆಂಕಿಯು ಆ ಹದವನ್ನು ಕೆಡಿಸುತ್ತದೆ. ಬೆಸೆದ ಗೆರೆಯಲ್ಲಿ ಉಕ್ಕು ಗಾಜಿನಂತೆ ಪೆಡಸಾಗುತ್ತದೆ, ಅದರ ಪಕ್ಕದಲ್ಲಿ ಮೆತ್ತಗಾಗುತ್ತದೆ. ಮೊದಲು ಮುರಿದುದರ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ. ಮತ್ತೊಮ್ಮೆ ಹಳ್ಳದ ಇಳಿಜಾರು, ಮತ್ತೊಮ್ಮೆ ಮುಂದಿನ ಆಸನದಲ್ಲಿ ತಾಯಿ! ಆಚಾರಿಯ ಸಲಹೆಯನ್ನು ವಿನಯದಿಂದ ನಿರಾಕರಿಸಿ ಪೇಟೆಯ ಮೇಸ್ತ್ರಿಯ ಬಳಿಗೆ ಹೋದೆವು.

ಮೇಸ್ತ್ರಿಯು ಜೀಪನ್ನು ಎತ್ತಿ ನಿಲ್ಲಿಸಿ, ನಾಲ್ಕೂ ಮೂಲೆಗಳನ್ನು ದೀಪ ಹಿಡಿದು ನೋಡಿ, "ಯಜಮಾನ್ರೇ, ಮುರಿದದ್ದು ಒಂದು, ಮುರಿಯೋಕೆ ಕಾದಿರೋದು ಇನ್ನೂ ಮೂರು" ಎಂದನು. ಬಲಗಡೆಯ ಕಟ್ಟು ಜೋತುಬಿದ್ದು ಎಡದ ಎತ್ತರಕ್ಕಿಂತ ಕೆಳಗಿದ್ದಿತು. ಕಣ್ಣುಗಳ ಬುಷ್‌ಗಳು ಸವೆದು, ಪಿನ್ನು ಅಲುಗಾಡುತ್ತಿದ್ದಿತು. ಅಬ್ಸಾರ್ಬರುಗಳಲ್ಲಿ ಒಂದರಿಂದ ಎಣ್ಣೆ ಸೋರಿ ಕೆಂಪು ಧೂಳು ಅಂಟಿ ಗಟ್ಟಿಯಾಗಿದ್ದಿತು. ಬಂಪ್ ಸ್ಟಾಪ್ ಎಂಬ ರಬ್ಬರು ಗಡ್ಡೆ, ಅಂದರೆ ಅಚ್ಚು ಚಾಸಿಗೆ ಬಡಿಯದಂತೆ ಕೊನೆಯಲ್ಲಿ ತಡೆಯುವುದು, ಎಡಗಡೆ ಇರಲೇ ಇಲ್ಲ. ಗುಡ್ಡದ ಮೇಲೆ ನಾವು ಕೇಳಿದ ಕಬ್ಬಿಣದ ಸದ್ದಿನ ಅರ್ಥ ಆಗ ತಿಳಿಯಿತು. ಕೈಯಗಲದ ಆ ರಬ್ಬರು ಇದ್ದಿದ್ದರೆ ಬಹುಶಃ ಪಟ್ಟಿಯು ಉಳಿಯುತ್ತಿತ್ತು.

ಪಟ್ಟಿಗಳನ್ನು ಜೋಡಿಯಾಗಿಯೇ ಬದಲಾಯಿಸತಕ್ಕುದು. ಒಂದು ಹೊಸದು, ಒಂದು ಹಳೆಯದು ಆದರೆ ಜೀಪು ಕುಂಟುತ್ತದೆ. ಬ್ರೇಕು ಹಾಕಿದಾಗ ಒಂದು ಕಡೆಗೆ ವಾಲುತ್ತದೆ. ಆದುದರಿಂದ ಮುಂಭಾಗದ ಎರಡನ್ನೂ ಹೊಸದಾಗಿ ಹಾಕಿಸುವುದೆಂದಾಯಿತು. ಆಗ ಮೇಸ್ತ್ರಿಯು ತಿಳಿಸಿದ ಒಂದು ವಿಶೇಷವನ್ನು ಮಲೆನಾಡಿನ ವಾಚಕರೆಲ್ಲರೂ ಗಮನಿಸಬೇಕು. ಎರಡನೆಯ ಪಟ್ಟಿಯ ತುದಿಯು ಮೂಲಪಟ್ಟಿಯ ಕಣ್ಣಿನ ಸುತ್ತಲೂ ಸಡಿಲವಾಗಿ ಬಳಸಿಕೊಂಡಿರುವ ಕಟ್ಟುಗಳು ದೊರೆಯುತ್ತವೆ. ಮಿಲಿಟರಿ ರ‍್ಯಾಪ್ ಎಂದು ಅದಕ್ಕೆ ಹೆಸರು. ಮೂಲಪಟ್ಟಿ ಕಣ್ಣಿನಲ್ಲಿ ಮುರಿದರೂ ಈ ಎರಡನೆಯ ಕೈ ಅಚ್ಚನ್ನು ಬಿಡದೆ ಹಿಡಿದುಕೊಳ್ಳುತ್ತದೆ. ನಮಗಾದಂಥ ಅನಾಹುತಕ್ಕೆ ಇದಕ್ಕಿಂತ ನೇರವಾದ ಪರಿಹಾರವಿಲ್ಲ. ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸವೂ ಇರಲಿಲ್ಲ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಅಂಗಡಿಯಲ್ಲಿ ಮುಂದಿರುವುದನ್ನು ಕೊಡುತ್ತಾರೆ.

ಹಿಂಭಾಗದ ಪಟ್ಟಿಗಳ ವಿಷಯದಲ್ಲಿ ಮನೆಯಲ್ಲಿಯೇ ಒಂದು ವಿವಾದ ಎದ್ದಿತು. ಕೆಲವು ವರ್ಷಗಳ ಹಿಂದೆ, ಮೂಟೆ ಹೇರಿದಾಗ ಜೀಪು ಕುಕ್ಕರಿಸುವುದೆಂದು, ದಪ್ಪವಾದ ಪಟ್ಟಿಯೊಂದನ್ನು ನಾವೇ ಹೆಚ್ಚಿಗೆ ಸೇರಿಸಿದ್ದೆವು. ಅಂದಿನಿಂದ ಮೂಟೆಗಳು ಸುಖವಾಗಿದ್ದುವು, ಮನುಷ್ಯರು ಸುಖವಾಗಿರಲಿಲ್ಲ. "ಕಾಫಿ ಮೂಟೆಗೆ ಸೊಂಟವಿಲ್ಲ, ಅತ್ತೆಯವರಿಗೆ ಇದೆ" ಎಂದು ನಮ್ಮ ಮನೆಯವರು ಹೇಳಿದ ಮಾತಿಗೆ ಉತ್ತರವಿರಲಿಲ್ಲ. ಆದರೆ ಮೂಟೆ ಸಾಗದಿದ್ದರೆ ಆಸ್ಪತ್ರೆಯ ಖರ್ಚೂ ಸಾಗದೆಂಬುದೂ ನಿಜವೇ.

ಇಲ್ಲಿ ಸ್ವಲ್ಪ ಲೆಕ್ಕ ಅವಶ್ಯಕ. ಪಟ್ಟಿಯ ಬಿಗುಪು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ೬ ಮಿಲಿಮೀಟರಿನ ಪಟ್ಟಿಗೆ ಬದಲು ೭ ಮಿಲಿಮೀಟರಿನದನ್ನು ಹಾಕಿದರೆ, ಏರಿದುದು ಒಂದೇ ಮಿಲಿಮೀಟರು. ಬಿಗುಪಾದರೋ ೨೧೬ ಇದ್ದುದು ೩೪೩ ಆದಂತೆ, ಒಂದೂವರೆ ಪಟ್ಟಿಗೂ ಮೀರಿತು. ಉದ್ದದ ಪ್ರಭಾವ ಇದಕ್ಕೆ ವಿಪರೀತ. ಉದ್ದ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಬಿಗುಪು ಕಾಲುಭಾಗದಷ್ಟು ಇಳಿಯುತ್ತದೆ. ಅಲ್ಲದೆ, ಒಂದೇ ಪ್ರಮಾಣಕ್ಕೆ ಬಾಗಿಸಿದಾಗ ದಪ್ಪ ಪಟ್ಟಿಗೆ ಆಗುವ ಆಯಾಸವು ತೆಳು ಪಟ್ಟಿಗಿಂತ ಹೆಚ್ಚು. ಆದಕಾರಣ ತೆಳುವಾದ ಅನೇಕ ಪಟ್ಟಿಗಳ ಕಟ್ಟು ಮೃದುವೂ ಹೌದು, ಬಾಳಿಕೆಯದೂ ಹೌದು. ದಪ್ಪವಾದುದೇ ಗಟ್ಟಿಯೆಂಬ ನಮ್ಮ ಹಳೆಯ ನಂಬಿಕೆ ಇಲ್ಲಿ ಸುಳ್ಳಾಯಿತು. ಕಡೆಗೆ ನಾವು ಕೈಗೊಂಡ ಮಾರ್ಗವೇನೆಂದರೆ, ನಾವು ಸೇರಿಸಿದ್ದ ದಪ್ಪ ಪಟ್ಟಿಯನ್ನು ತೆಗೆಯಿಸಿ, ತೆಳು ಪಟ್ಟಿಗಳ ಕಟ್ಟನ್ನು ಹಾಕಿಸಿ, ಅದರ ಕೆಳಗೆ ಬಹುಮಟ್ಟಿಗೆ ಚಪ್ಪಟೆಯಾದ ಹೆಲ್ಪರ್ ಪಟ್ಟಿಯೊಂದನ್ನು ಇರಿಸಿದುದು. ಜೀಪು ಹಗುರವಾಗಿರುವಾಗ ಮೇಲಿನ ಪಟ್ಟಿಗಳ ತುದಿಗಳು ಇದನ್ನು ಮುಟ್ಟುವುದೇ ಇಲ್ಲ. ಮೂಟೆ ಬಿದ್ದು ಕಟ್ಟು ಕುಗ್ಗಿದಾಗ ಮಾತ್ರ ಇದು ಹೆಗಲು ಕೊಡುತ್ತದೆ. ಹೀಗೆ ಅತ್ತೆಗೂ ಮೂಟೆಗೂ ಸಂಧಿಯಾಯಿತು.

ಸೋದರಳಿಯಂದಿರು ದೂರವಾಣಿಯಲ್ಲಿ ಬೇರೊಂದು ಸಲಹೆ ಕೊಟ್ಟರು. ಜೀಪನ್ನು ನಾಲ್ಕು ಅಂಗುಲ ಎತ್ತರಿಸಿ ದೊಡ್ಡ ಟೈರು ಹಾಕಿಸಬೇಕಂತೆ. ನೋಡಲು ಬಲು ಚೆಂದವಂತೆ. ನೋಡಲು ಚೆಂದವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಎತ್ತರವನ್ನು ಹೆಚ್ಚಿಸಿದ ಮಾತ್ರದಿಂದ ಕೆಲಸ ಮುಗಿಯುವುದಿಲ್ಲ. ಪ್ರೊಪೆಲ್ಲರ್ ಷಾಫ್ಟಿನ ಕೋನ ಕಡಿದಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ಬ್ರೇಕಿನ ಕೊಳವೆ ಸಾಲದೆ ಎಳೆದುಕೊಳ್ಳುತ್ತದೆ. ಸ್ಟಿಯರಿಂಗಿನ ಸಲಾಕೆ ಓರೆಯಾಗಿ, ಚಕ್ರವು ಕುಪ್ಪಳಿಸಿದಾಗಲೆಲ್ಲ ವಾಹನವು ತಾನಾಗಿ ಅತ್ತಿತ್ತ ತಿರುಗುತ್ತದೆ. ಭಾರದ ಕೇಂದ್ರ ಮೇಲೇರುವುದರಿಂದ ಓರೆ ಹಾದಿಯಲ್ಲಿ ಮಗುಚುವ ಭಯವೂ ಹೆಚ್ಚು. ಇದಲ್ಲದೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ; ಸರ್ವೋಚ್ಚ ನ್ಯಾಯಾಲಯವೂ ೨೦೧೯ರಲ್ಲಿ ಇದನ್ನು ಎತ್ತಿಹಿಡಿದಿದೆ. ಎತ್ತರಿಸುವ ಆಸೆಯುಳ್ಳವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಮೇಲು. ನಾವು ಎತ್ತರಿಸಲಿಲ್ಲ. ಹೊಸ ಪಟ್ಟಿ ಜೋತುಬೀಳದಿರುವುದರಿಂದ ಜೀಪು ತನ್ನ ಹುಟ್ಟಿನ ಎತ್ತರಕ್ಕೆ ಮರಳಿತು. ಹುಡುಗರಿಗೆ ಅದೇ ದೊಡ್ಡದಾಗಿ ಕಂಡಿತು!

ಜೋಡಣೆಯ ದಿನ ನಾವೂ ಗ್ಯಾರೇಜಿನಲ್ಲಿಯೇ ಕುಳಿತಿದ್ದೆವು. ಯು ಬೋಲ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಹಳೆಯವನ್ನೇ ಮತ್ತೆ ಹಾಕಬಾರದೆಂದು ಮೇಸ್ತ್ರಿಯು ಹೇಳಿ ಹೊಸವನ್ನು ತರಿಸಿದನು. ಬಿಗಿತದಲ್ಲಿ ಅವು ಹಿಗ್ಗಿರುತ್ತವೆ, ಮರೆ ಸವೆದಿರುತ್ತದೆ. ರಬ್ಬರು ಬುಷ್‌ಗಳ ಪಿನ್ನುಗಳನ್ನು ಜೀಪು ಎತ್ತಿರುವಾಗಲೇ ಪೂರ್ಣವಾಗಿ ಬಿಗಿಯದೆ, ನೆಲಕ್ಕಿಳಿಸಿ ಭಾರವೆಲ್ಲ ಚಕ್ರದ ಮೇಲೆ ಬಂದ ತರುವಾಯವೇ ಬಿಗಿದನು. ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ರಬ್ಬರಿಗೆ ಗ್ರೀಸು ಬಳಿಯಲಿಲ್ಲ, ಏಕೆಂದರೆ ಖನಿಜ ತೈಲ ತಾಗಿದರೆ ಅದು ಉಬ್ಬಿ ಕೊಳೆಯುತ್ತದೆ. ಪಟ್ಟಿಗಳ ನಡುವೆ ಮಾತ್ರ ಗ್ರಾಫೈಟ್ ಗ್ರೀಸನ್ನು ಹಚ್ಚಿದನು. ಬ್ರೇಕಿನ ಕೊಳವೆಗಳೂ, ಬಂಪ್ ಸ್ಟಾಪುಗಳೂ, ನಾಲ್ಕು ಅಬ್ಸಾರ್ಬರುಗಳೂ ಹೊಸವಾದುವು. ಒಟ್ಟು ವೆಚ್ಚವು ಒಂದು ಒಳ್ಳೆಯ ಹಸುವಿನ ಬೆಲೆಗೆ ಸಮೀಪವಾಯಿತು. ಸುಮಾರು ೩೦೦ ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಪುನಃ ಬಿಗಿಸಲು ಹೋದಾಗ, ನಾಲ್ಕು ನಟ್ಟುಗಳು ಅರ್ಧ ಸುತ್ತಿನಷ್ಟು ತಿರುಗಿದುವು. ಪಟ್ಟಿಗಳು ಒಂದಕ್ಕೊಂದು ಕೂರುವಾಗ ಇದು ಸಹಜವಂತೆ. ಬಿಗಿಸದೆ ಬಿಟ್ಟರೆ ಸೆಂಟರ್ ಬೋಲ್ಟಿನ ಮೇಲೆ ಪೆಟ್ಟು ಬಿದ್ದು ಅದು ತುಂಡಾಗುತ್ತದೆ.

ಈಗ ಕೆಟ್ಟ ಹಾದಿಯಿಂದ ಬಂದ ಮಾರನೆಯ ಬೆಳಿಗ್ಗೆ ಜೀಪಿನ ಅಡಿಭಾಗಕ್ಕೆ ನೀರು ಹೊಡೆದು ಮಣ್ಣು ತೊಳೆದು ನೋಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಪಟ್ಟಿಯ ಮೇಲೆ ಅಡ್ಡಲಾಗಿ ಕೂದಲೆಳೆಯಂಥ ಕೆಂಪು ಗೆರೆಯಿದ್ದರೆ ಅದು ಬಿರುಕು. ಯು ಬೋಲ್ಟಿನ ಪಕ್ಕದಲ್ಲಿ ಬಣ್ಣ ಉಜ್ಜಿ ಹೊಳೆಯುತ್ತಿದ್ದರೆ ಅಚ್ಚು ಸರಿದಾಡುತ್ತಿದೆಯೆಂದರ್ಥ. ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿನವರೆಗೆ ಎರಡು ಬದಿಯಲ್ಲಿಯೂ ದಾರದಿಂದ ಅಳೆಯುತ್ತೇವೆ. ದಾರ ಹಿಡಿಯುವ ಕೆಲಸವನ್ನು ನಮ್ಮ ಕಿರಿಯ ಮಗಳು ತಾನೇ ವಹಿಸಿಕೊಂಡಿದ್ದಾಳೆ. ಅಳತೆಗಳು ಸಮನಾಗಿರದಿದ್ದರೆ ಆ ದಿನ ಪ್ರಯಾಣವಿಲ್ಲ. ಕೆಟ್ಟ ಹಾದಿಯಲ್ಲಿ ಓಡಿ ನಿಂತ ಕೂಡಲೇ ಅಬ್ಸಾರ್ಬರುಗಳನ್ನು ಎಚ್ಚರಿಕೆಯಿಂದ ಮುಟ್ಟಿನೋಡುವುದೂ ಒಂದು ಒಳ್ಳೆಯ ಪರೀಕ್ಷೆ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ, ಆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ಜೀಪಿನ ಕೆಳಗೆ ತೂರುವ ಪ್ರಸಂಗ ಬಂದರೆ ಕೇವಲ ಜಾಕನ್ನು ನಂಬದೆ ಚಾಸಿಗೆ ಭದ್ರವಾದ ಸ್ಟ್ಯಾಂಡು ಕೊಟ್ಟು, ಉಳಿದ ಚಕ್ರಗಳಿಗೆ ಕಲ್ಲು ಒತ್ತಿ, ಮಕ್ಕಳನ್ನು ದೂರವಿರಿಸಬೇಕು.

ತಾಯಿಯವರು ಈಗ ಊರುಗೋಲಿನ ಸಹಾಯದಿಂದ ಅಂಗಳದವರೆಗೆ ನಡೆಯುತ್ತಾರೆ. ಹೊಸ ಪಟ್ಟಿ ಹಾಕಿಸಿದ ಮೇಲೆ ಮೊದಲನೆಯ ಸಲ ಆಸ್ಪತ್ರೆಗೆ ಹೋಗುವಾಗ ಹಳ್ಳ ದಾಟಿದೊಡನೆ, "ದಾಟಿತೇನೋ?" ಎಂದು ಕೇಳಿದರು. ಮುರಿದ ಮೂಲಪಟ್ಟಿಯ ಉದ್ದನೆಯ ತುಂಡನ್ನು ಆಚಾರಿಯು ಕೇಳಿ ಒಯ್ದಿದ್ದನು. ಕಮಾನು ಪಟ್ಟಿಯ ಉಕ್ಕಿನಷ್ಟು ಒಳ್ಳೆಯ ಕತ್ತಿ ಬೇರೊಂದರಿಂದ ಆಗದೆಂಬುದು ಅವನ ಮತ. ಕಳೆದ ವಾರ ಅದನ್ನು ಬಡಿದು, ಹದ ಕೊಟ್ಟು, ಬೈನೆಯ ಹಿಡಿ ಹಾಕಿ ತಂದುಕೊಟ್ಟನು. ಅದರಿಂದಲೇ ಹಾದಿಯ ಇಕ್ಕೆಲದ ಲಂಟಾನವನ್ನು ಸವರಿಸಿ, ಹುಲ್ಲಿನಲ್ಲಿ ಮರೆಯಾಗಿದ್ದ ಬಂಡೆಗಳಿಗೆ ಸುಣ್ಣ ಬಳಿಸಿದ್ದೇವೆ.